ವ್ಯಾನಿಟಿ ಬ್ಯಾಗು, ಪ್ರಸಂಗಿಯ ‘ವ್ಯರ್ಥ’, ನಿವೃತ್ತ ಅಧಿಕಾರಿಯ ಜಂಬ: ಎಲ್ಲವೂ ಒಂದೇ ಪದವೇ?

ಓದುಗರ ಪ್ರಶ್ನೆ: ಇಂಗ್ಲಿಷ್ ಕಥಾಸಂಕಲನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ವ್ಯಾನಿಟಿ’ ಐದು ಕಡೆ ಬಂದಿದೆ. ಒಂದು ಕಥೆಯಲ್ಲಿ ಪಾದ್ರಿ ಸಾಯುವ ಮನುಷ್ಯನ ಪಕ್ಕ ಕೂತು ‘ಲೋಕದ ವ್ಯಾನಿಟಿ’ಯ ಬಗ್ಗೆ ಮಾತಾಡುತ್ತಾನೆ. ಇನ್ನೊಂದರಲ್ಲಿ ನಾಯಕಿ ‘ತನ್ನ ವ್ಯಾನಿಟಿಯ ಮುಂದೆ ಕೂತು’ ತಲೆ ಬಾಚಿಕೊಳ್ಳುತ್ತಾಳೆ. ಮತ್ತೊಂದರಲ್ಲಿ ನಿವೃತ್ತ ಅಧಿಕಾರಿಯ ‘ವ್ಯಾನಿಟಿಗೆ ಪೆಟ್ಟು ಬೀಳುತ್ತದೆ’, ಆತನ ಕವನಗಳು ‘ವ್ಯಾನಿಟಿ ಪ್ರೆಸ್’ನಿಂದ ಬಂದಿವೆ, ಮಗನ ಕಾರಿಗೆ ‘ವ್ಯಾನಿಟಿ ಪ್ಲೇಟ್’ ಇದೆ. ಎಲ್ಲ ಕಡೆಯೂ ‘ದುರಭಿಮಾನ’ ಎಂದೇ ಹಾಕಿ, ಏಕರೂಪತೆ ಇರಲಿ ಎನ್ನುತ್ತಾರೆ ಸಂಪಾದಕರು. ಸಹೋದ್ಯೋಗಿಯೊಬ್ಬರು ಇದು ನಮ್ಮ ‘ವನಿತೆ’ಯಿಂದಲೇ ಹೋದ ಪದ, ಅದಕ್ಕೇ ಹೆಂಗಸರ ಚೀಲ ವ್ಯಾನಿಟಿ ಬ್ಯಾಗ್ ಆಯಿತು ಎಂದು ವಾದಿಸುತ್ತಾರೆ. ಕಾಲೇಜಿಗೆ ಹೋಗುವ ಮಗಳಂತೂ ‘ಹಾಗಾದರೆ ನನ್ನ ಬ್ಯಾಗಿಗೆ ಬೈಗುಳದ ಹೆಸರು ಯಾಕೆ?’ ಎಂದು ಕೇಳುತ್ತಿದ್ದಾಳೆ. ಮೂವರಿಗೂ ಏನು ಹೇಳಲಿ?

ಉತ್ತರ: ಸಂಪಾದಕರ ಸಲಹೆಯನ್ನು ಒಪ್ಪಬೇಡಿ. ಏಕರೂಪತೆ ಬೇಕಾಗುವುದು ಕಾನೂನು ಪತ್ರಗಳಲ್ಲಿ, ಔಷಧದ ಚೀಟಿಗಳಲ್ಲಿ. ಕಥೆಯಲ್ಲಿ ಒಂದು ಪದ ಐದು ಕೆಲಸ ಮಾಡುತ್ತಿದ್ದರೆ ಕನ್ನಡದಲ್ಲಿ ಐದು ಪದಗಳೇ ಬೇಕಾಗಬಹುದು. ಅಲ್ಲದೆ ನೀವು ಹೇಳಿದ ಐದು ಜಾಗಗಳಲ್ಲಿ ಒಂದಕ್ಕೂ ‘ದುರಭಿಮಾನ’ ಸರಿಹೊಂದುವುದಿಲ್ಲ. ಇವತ್ತಿನ ಕನ್ನಡದಲ್ಲಿ ದುರಭಿಮಾನ ಎಂದಾಗ ಓದುಗರ ಕಿವಿಗೆ ಮೊದಲು ಬೀಳುವುದು ಭಾಷಾ ದುರಭಿಮಾನ, ಜಾತಿ ದುರಭಿಮಾನ. ಕನ್ನಡಿ ಮುಂದೆ ತಲೆ ಬಾಚುವ ಹೆಂಗಸಿಗೂ ಅದಕ್ಕೂ ಏನು ಸಂಬಂಧ?

ಸಹೋದ್ಯೋಗಿಯ ವಾದ ಕೇಳಲು ಸೊಗಸಾಗಿದೆ, ಆದರೆ ತಪ್ಪು. ‘ವನಿತಾ’ ಸಂಸ್ಕೃತದ ‘ವನ್’ ಧಾತುವಿನಿಂದ ಬಂದದ್ದು. ಬಯಸು, ಒಲಿ ಎಂಬುದು ಅದರ ಅರ್ಥ. ಯುರೋಪಿನ ಕಡೆ ಇದರ ನೆಂಟರನ್ನು ಹುಡುಕಿದರೆ ಸಿಗುವುದು ರೋಮನ್ನರ ಪ್ರೇಮದೇವತೆ ವೀನಸ್, ಇಂಗ್ಲಿಷಿನ ‘ವಿಶ್’. ವ್ಯಾನಿಟಿ ಬೇರೆಯೇ ಬೇರಿನದು. ಇಂಥ ಇನ್ನೂ ಕೆಲವು ಗೊಂದಲಗಳಿವೆ. ಗಾಳಿಯ ದಿಕ್ಕು ತೋರುವ ‘ವೇನ್’, ರಕ್ತನಾಳದ ‘ವೇನ್’, ಜಂಬದ ‘ವೇನ್’ ಮೂರೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ, ಆದರೆ ಮೂಲ ಮೂರೂ ಬೇರೆ. ಚಿತ್ರೀಕರಣದ ಜಾಗದಲ್ಲಿ ನಟರು ಸಿದ್ಧರಾಗುವ ವಾಹನ ‘ವ್ಯಾನಿಟಿ ವ್ಯಾನ್’ನಲ್ಲಿ ‘ವ್ಯಾನ್’ ಎರಡು ಸಲ ಕೇಳಿಸುವುದೂ ಕಾಕತಾಳೀಯ. ವ್ಯಾನ್ ಎಂಬುದು ‘ಕ್ಯಾರವಾನ್’ನ ಬಾಲ ಮಾತ್ರ, ಕ್ಯಾರವಾನ್ ಪರ್ಶಿಯನ್ನಿನ ‘ಕಾರ್ವಾನ್’. ಮುಂಬೈ ಚಿತ್ರರಂಗದವರು ವ್ಯಾನಿಟಿ ವ್ಯಾನ್ ಎನ್ನುವುದನ್ನು ನಮ್ಮ ಗಾಂಧಿನಗರದವರು ಕ್ಯಾರವಾನ್ ಎನ್ನುತ್ತಾರಲ್ಲ, ಹಾಗೆ ನೋಡಿದರೆ ನಮ್ಮವರದ್ದೇ ಪೂರ್ತಿ ಪದ.

ಇನ್ನು ಅಸಲಿ ಬೇರು. ಲ್ಯಾಟಿನ್ನಿನಲ್ಲಿ ‘ವಾನುಸ್’ ಎಂದರೆ ಖಾಲಿ, ಟೊಳ್ಳು, ಒಳಗೇನೂ ಇಲ್ಲದ್ದು. ಕಾಳು ಕಟ್ಟದ ತೆನೆಗೂ ಈ ವಿಶೇಷಣವನ್ನು ಬಳಸಿದ್ದುಂಟು. ನಮ್ಮ ರೈತರ ಬಾಯಲ್ಲಿ ಅದು ‘ಜೊಳ್ಳು’. ‘ವಾನುಸ್’ನಿಂದ ‘ವಾನಿತಾಸ್’, ಅದು ಹಳೆಯ ಫ್ರೆಂಚಿನಲ್ಲಿ ‘ವಾನಿತೆ’ಯಂತೆ ಕೇಳಿಸುವ ರೂಪ ತಳೆದು, 13ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಆಗ ಅದರ ಅರ್ಥ ಹುರುಳಿಲ್ಲದ್ದು, ನಿಷ್ಫಲವಾದದ್ದು ಎಂದಷ್ಟೇ. ತನ್ನ ರೂಪ, ಬುದ್ಧಿ, ಸ್ಥಾನಗಳ ಬಗ್ಗೆ ಬೀಗುವುದು ಎಂಬ ಅರ್ಥ ಸೇರಿಕೊಂಡದ್ದು 14ನೇ ಶತಮಾನದಲ್ಲಿ. ಹಳೆಯ ಅರ್ಥ ಸತ್ತಿಲ್ಲ. ‘ಇನ್ ವೇನ್’ ಎಂದರೆ ಇಂದಿಗೂ ‘ವ್ಯರ್ಥವಾಗಿ’ ಎಂದೇ.

ನಿಮ್ಮ ಸಹೋದ್ಯೋಗಿಗೆ ಸಮಾಧಾನವಾಗಲು ಒಂದು ಮಾತು ಹೇಳಬಹುದು: ವ್ಯಾನಿಟಿಗೆ ನಮ್ಮ ಕಡೆ ನಿಜವಾದ ಸೋದರ ಪದವೊಂದಿದೆ, ಅದು ‘ಊನ’. ಲ್ಯಾಟಿನ್ನಿನ ‘ವಾನುಸ್’, ಸಂಸ್ಕೃತದ ‘ಊನ’, ಇಂಗ್ಲಿಷಿನ ಇನ್ನೊಂದು ‘ವೇನ್’ (wane, ಚಂದ್ರ ಕ್ಷೀಣಿಸುವುದು) ಮತ್ತು ‘ವಾಂಟ್’ (ಕೊರತೆ, ಬೇಕಾಗುವಿಕೆ), ಲ್ಯಾಟಿನ್ ಮೂಲದ ‘ವೇಕೆಂಟ್’ ಇವೆಲ್ಲ ಒಂದೇ ಇಂಡೋ-ಯುರೋಪಿಯನ್ ಧಾತುವಿನ ಕವಲುಗಳೆಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಬಿಡು, ತೊರೆ, ಬರಿದಾಗು ಎಂಬುದು ಆ ಧಾತುವಿನ ಅರ್ಥ. ನಾವು ದಿನವೂ ಬಳಸುವ ‘ನ್ಯೂನ’, ‘ನ್ಯೂನತೆ’ಗಳಲ್ಲಿ ಇರುವುದೂ ಇದೇ ಊನ. ಹತ್ತೊಂಬತ್ತಕ್ಕೆ ಸಂಸ್ಕೃತದಲ್ಲಿ ‘ಏಕೋನವಿಂಶತಿ’ ಎಂದರೆ ಇಪ್ಪತ್ತಕ್ಕೆ ಒಂದು ಊನ. ಬೆಳಗಾವಿ ಕಡೆಯವರಿಗೆ ಪರಿಚಿತವಾದ ಮರಾಠಿಯ ‘ಏಕೋಣೀಸ್’ ಅದರ ಸವೆದ ರೂಪ.

ಪಾದ್ರಿಯ ಮಾತಿಗೆ ಬರೋಣ, ಏಕೆಂದರೆ ಐದರಲ್ಲಿ ಇದೇ ಅತಿ ಹಳೆಯ ಅರ್ಥ ಮತ್ತು ಇಲ್ಲೇ ಅನುವಾದಕರು ಹೆಚ್ಚು ಎಡವುವುದು. ಹಳೆಯ ಒಡಂಬಡಿಕೆಯ ಪ್ರಸಂಗಿ ಗ್ರಂಥದ ಆರಂಭದಲ್ಲೇ ಬರುವ ಪ್ರಸಿದ್ಧ ಸಾಲಿನಲ್ಲಿ ಹೀಬ್ರೂ ಪದ ‘ಹೆವೆಲ್’. ಅದರ ನೇರ ಅರ್ಥ ಉಸಿರು, ಆವಿ. ಚಳಿಯಲ್ಲಿ ಬಾಯಿಂದ ಹೊರಬಿದ್ದು ಕಣ್ಣೆದುರೇ ಕರಗಿಹೋಗುವ ಹಬೆ. ಆದಾಮನ ಮಗ ಹೇಬೆಲನ ಹೆಸರೂ ಹೀಬ್ರೂವಿನಲ್ಲಿ ಇದೇ ಅಕ್ಷರಗಳದ್ದು. ಗ್ರೀಕ್ ಅನುವಾದಕರು ಆವಿಯ ಚಿತ್ರವನ್ನು ಬಿಟ್ಟು ನಿಷ್ಫಲತೆಯ ಅರ್ಥವುಳ್ಳ ಪದ ಆರಿಸಿದರು. ಸಂತ ಜೆರೋಮ್ ಲ್ಯಾಟಿನ್ನಿಗೆ ತರುವಾಗ ‘ವಾನಿತಾಸ್’ ಎಂದ. 1611ರ ಕಿಂಗ್ ಜೇಮ್ಸ್ ಬೈಬಲ್ ಅದನ್ನೇ ‘ವ್ಯಾನಿಟಿ’ ಮಾಡಿತು. ಹೀಗೆ ಆವಿ ಹೋಗಿ ಟೊಳ್ಳು ಉಳಿಯಿತು. ‘ಎಲ್ಲವೂ ವ್ಯಾನಿಟಿ’ ಎಂಬ ಸಾಲನ್ನು ಇಂದಿನ ಓದುಗ ಕೇಳಿ ‘ಎಲ್ಲವೂ ಜಂಬ’ ಎಂದುಕೊಂಡರೆ ಅದು ಆ ಗ್ರಂಥದವನ ತಪ್ಪಲ್ಲ.

ಕನ್ನಡ ಬೈಬಲ್ ಇಲ್ಲಿ ‘ವ್ಯರ್ಥ’ ಎಂದು ಇಟ್ಟಿದೆ. ನಿಮ್ಮ ಪಾದ್ರಿಯ ಬಾಯಿಗೂ ಅದನ್ನೇ ಹಾಕಿ. ಕನ್ನಡ ಕ್ರೈಸ್ತ ಓದುಗರಿಗೆ ಪ್ರಸಂಗಿಯ ಸಾಲು ತಕ್ಷಣ ಹೊಳೆಯುತ್ತದೆ, ಉಳಿದವರಿಗೂ ಅರ್ಥ ತಪ್ಪುವುದಿಲ್ಲ. ‘ಲೋಕದ್ದೆಲ್ಲ ವ್ಯರ್ಥವಪ್ಪಾ’ ಎಂದರೆ ಸಾಕು. ಬೇರೆ ಆಯ್ಕೆಗಳೂ ಇವೆ, ಆದರೆ ಪ್ರತಿಯೊಂದಕ್ಕೂ ಒಂದು ಅಪಾಯ ಅಂಟಿಕೊಂಡಿದೆ. ‘ಮಾಯೆ’ ಎಂದರೆ ಪಾದ್ರಿ ಅದ್ವೈತಿಯಾಗಿಬಿಡುತ್ತಾನೆ. ಪ್ರಸಂಗಿ ಲೋಕವನ್ನು ಸುಳ್ಳು ಎನ್ನುವುದಿಲ್ಲ, ಅದು ಕೈಗೆ ದಕ್ಕುವುದಿಲ್ಲ ಎನ್ನುತ್ತಾನೆ. ‘ಅನಿತ್ಯ’ಕ್ಕೆ ಜೈನ, ಬೌದ್ಧ ವಾಸನೆ ಗಾಢವಾಗಿದೆ. ‘ನಶ್ವರ’ ಪರವಾಗಿಲ್ಲ, ಆದರೆ ಅದು ನಾಶವಾಗುವುದನ್ನು ಹೇಳುತ್ತದೆಯೇ ಹೊರತು ಪಟ್ಟ ಪಾಡೆಲ್ಲ ದಂಡವಾಯಿತು ಎಂಬ ನೋವನ್ನು ಹೇಳುವುದಿಲ್ಲ. ‘ನಿಸ್ಸಾರ’ ಪ್ರಬಂಧಕ್ಕೆ ಸರಿ, ಸಾಯುವವನ ಹಾಸಿಗೆಯ ಪಕ್ಕ ಯಾರೂ ಹಾಗೆ ಮಾತಾಡುವುದಿಲ್ಲ.

ಇದೇ ಅರ್ಥ ಚಿತ್ರಕಲೆಗೂ ಹೋಯಿತು. 17ನೇ ಶತಮಾನದ ನೆದರ್ಲೆಂಡ್ಸಿನಲ್ಲಿ, ವಿಶೇಷವಾಗಿ ಲೈಡನ್ ನಗರದಲ್ಲಿ, ‘ವಾನಿತಾಸ್’ ಎಂಬ ಚಿತ್ರಪ್ರಕಾರವೇ ಬೆಳೆಯಿತು. ಮೇಜಿನ ಮೇಲೆ ತಲೆಬುರುಡೆ, ಮರಳುಗಡಿಯಾರ, ಈಗಷ್ಟೇ ಆರಿ ಹೊಗೆಯಾಡುವ ದೀಪ, ಬಾಡುತ್ತಿರುವ ಹೂ, ಪಕ್ಕದಲ್ಲಿ ಪುಸ್ತಕ, ವಾದ್ಯ, ಬೆಳ್ಳಿ ಪಾತ್ರೆ. ಕೆಲವದರಲ್ಲಿ ಸೋಪಿನ ಗುಳ್ಳೆ ಊದುವ ಮಗು. ಮನುಷ್ಯ ಒಂದು ಗುಳ್ಳೆ ಎಂಬ ಲ್ಯಾಟಿನ್ ನಾಣ್ಣುಡಿ ಅದರ ಹಿಂದಿದೆ. ನಮ್ಮಲ್ಲಿ ಬಸವಣ್ಣನವರ ವಚನವೊಂದು ನೀರ ಬೊಬ್ಬುಳಿಕೆಗೆ ಕಬ್ಬಿಣದ ಕಟ್ಟು ಹಾಕಿ ಕಾಪಾಡಹೊರಟವರನ್ನು ಕಂಡು ನಗುತ್ತದೆ. ನಿಮ್ಮ ಸಂಕಲನದಲ್ಲಿ ಎಲ್ಲಾದರೂ ‘ವ್ಯಾನಿಟಿ ಚಿತ್ರ’ ಎಂದು ಬಂದರೆ ಅದು ಸುಂದರಿಯ ಭಾವಚಿತ್ರವೆಂದು ಊಹಿಸಬೇಡಿ, ಮೊದಲು ತಲೆಬುರುಡೆ ಇದೆಯೇ ನೋಡಿ.

ಟೊಳ್ಳು ಎಂಬ ಪದ ಜಂಬದ ಕಡೆಗೆ ಹೊರಳಿದ್ದಕ್ಕೆ ಒಂದು ದಾರಿ ಇದೆ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಮನಸ್ಸನ್ನು ಕೆಡಿಸುವ ಎಂಟು ಯೋಚನೆಗಳನ್ನು ಪಟ್ಟಿ ಮಾಡಿದ. ಅದರಲ್ಲಿ ಗರ್ವ ಒಂದು, ‘ಟೊಳ್ಳು ಕೀರ್ತಿ’ಯ ಆಸೆ ಇನ್ನೊಂದು, ಎರಡನ್ನೂ ಬೇರೆಬೇರೆ ಇಟ್ಟ. ಉಪವಾಸ ಮಾಡುವವನು ತಾನು ಉಪವಾಸ ಮಾಡುತ್ತಿರುವುದು ನಾಲ್ಕು ಜನರಿಗೆ ತಿಳಿಯಲಿ ಎಂದು ಬಯಸುವುದು ಎರಡನೆಯದು. ಮುಂದೆ 6ನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಗರ್ವವನ್ನು ಎಲ್ಲ ಪಾಪಗಳ ಬೇರು ಎಂದು ಪಟ್ಟಿಯಿಂದ ಮೇಲಕ್ಕೆತ್ತಿದ. ಕ್ರಮೇಣ ಇವೆರಡೂ ಬೆರೆತುಹೋಗಿ, ಜನಪ್ರಿಯವಾದ ಏಳು ಪಾಪಗಳ ಪಟ್ಟಿಯಲ್ಲಿ ಗರ್ವ ಮಾತ್ರ ಉಳಿಯಿತು. ಆದರೆ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಭೇದ ಅಳಿಸಲಿಲ್ಲ. ಜೇನ್ ಆಸ್ಟಿನ್ ಬರೆದ 1813ರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಪುಸ್ತಕದ ಹುಳುವಾದ ಮೇರಿ ಎಂಬ ಹುಡುಗಿ ಅದನ್ನು ಪಾಠದಂತೆ ಒಪ್ಪಿಸುತ್ತಾಳೆ: ಗರ್ವ ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯಕ್ಕೆ ಸೇರಿದ್ದು, ವ್ಯಾನಿಟಿ ನಮ್ಮ ಬಗ್ಗೆ ಬೇರೆಯವರು ಏನೆಂದುಕೊಳ್ಳಬೇಕು ಎಂಬ ಆಸೆಗೆ ಸೇರಿದ್ದು. ಅವಳ ಮಾತಿಗೆ ಮನೆಯವರು ಕಿವಿಗೊಡುವುದಿಲ್ಲ, ಆದರೆ ಅನುವಾದಕರು ಕಿವಿಗೊಡಬೇಕು.

ಇದನ್ನೇ ಪರೀಕ್ಷೆಯಾಗಿ ಬಳಸಿ. ಪಾತ್ರವನ್ನು ಬಾಗಿಲು ಹಾಕಿದ ಖಾಲಿ ಕೋಣೆಯಲ್ಲಿ ಕೂರಿಸಿ ನೋಡಿ. ಅಲ್ಲೂ ಆ ಭಾವ ಉಳಿದರೆ ಅದು ಅಹಂಕಾರ, ಗರ್ವ. ನೋಡುವವರಿಲ್ಲದೆ ಬಾಡಿಹೋದರೆ ವ್ಯಾನಿಟಿ. ನಮ್ಮ ಅಷ್ಟಮದಗಳ ಪಟ್ಟಿಯಲ್ಲಿ ರೂಪಮದ, ವಿದ್ಯಾಮದ, ಧನಮದಗಳು ಹತ್ತಿರದವೆಂದು ಕಾಣುತ್ತವೆ. ಆದರೆ ಮದ ಎಂದರೆ ಅಮಲು, ಉಕ್ಕುವಿಕೆ. ವ್ಯಾನಿಟಿಯಲ್ಲಿ ಒಳಗೆ ಉಕ್ಕಲು ಏನೂ ಇಲ್ಲ. ಆದ್ದರಿಂದ ಹಳಗನ್ನಡ ಛಾಯೆಯ ಗಂಭೀರ ಬರಹಕ್ಕೆ ಬಿಟ್ಟರೆ ‘ಮದ’ ಬೇಡ.

ಕನ್ನಡದಲ್ಲಿ ಈ ಟೊಳ್ಳುತನವನ್ನು ಸೊಗಸಾಗಿ ಹೇಳುವ ಪುಟ್ಟ ಪದ ‘ಒಣ’. ಒಣಜಂಬ, ಒಣಹೆಮ್ಮೆ, ಒಣಪ್ರತಿಷ್ಠೆ. ನಿವೃತ್ತ ಅಧಿಕಾರಿಗೆ ‘ಒಣಪ್ರತಿಷ್ಠೆಗೆ ಪೆಟ್ಟು ಬಿತ್ತು’ ಎನ್ನಬಹುದು. ನಿರೂಪಕನ ದನಿ ಹಗುರವಾಗಿದ್ದರೆ ‘ಜಂಬಕ್ಕೆ ಪೆಟ್ಟು ಬಿತ್ತು’. ಇಲ್ಲಿ ಬಹಳ ಮಂದಿ ಮಾಡುವ ತಪ್ಪು ‘ಸ್ವಾಭಿಮಾನಕ್ಕೆ ಧಕ್ಕೆ ಬಂತು’ ಎಂದು ಬರೆಯುವುದು. ಕನ್ನಡದಲ್ಲಿ ಸ್ವಾಭಿಮಾನ ಮೆಚ್ಚುವ ಗುಣ. ಆ ಒಂದು ಪದದಿಂದ ಓದುಗರು ಅಧಿಕಾರಿಯ ಪರ ನಿಂತುಬಿಡುತ್ತಾರೆ, ಲೇಖಕರು ಅವನನ್ನು ನೋಡಿ ಮುಗುಳ್ನಕ್ಕದ್ದು ಕಾಣೆಯಾಗುತ್ತದೆ. ‘ಆತ್ಮಗೌರವ’ಕ್ಕೂ ಇದೇ ಮಾತು.

ಉಳಿದ ಪದಗಳನ್ನೂ ತೂಗಿ ಬಳಸಬೇಕು. ‘ಬಿಂಕ’, ‘ಬಿನ್ನಾಣ’, ‘ವೈಯಾರ’ ತರುಣಿಯರಿಗೆ ಮೀಸಲಾಗಿಬಿಟ್ಟಿವೆ, ಅರವತ್ತು ದಾಟಿದ ಅಧಿಕಾರಿಗೆ ಹಾಕಿದರೆ ನಗೆಪಾಟಲು. ‘ಬಿಗುಮಾನ’ ಮುಖ ಗಂಟಿಕ್ಕಿ ದೂರ ನಿಲ್ಲುವುದು. ವ್ಯಾನಿಟಿ ಉಳ್ಳವರು ದೂರ ನಿಲ್ಲುವುದಿಲ್ಲ, ಹತ್ತಿರ ಬಂದು ಹೊಗಳಿಸಿಕೊಳ್ಳುತ್ತಾರೆ. ‘ಬಡಿವಾರ’ಕ್ಕೆ ಬಾಯಿ ಬೇಕು ಅಥವಾ ಆಡಂಬರ ಬೇಕು, ಮನಸ್ಸಿನಲ್ಲೇ ಉಳಿದ ವ್ಯಾನಿಟಿಗೆ ಅದು ಆಗದು. ‘ಶೋಕಿ’ ಬಟ್ಟೆಬರೆ, ಖರ್ಚಿಗೆ ಸರಿ. ‘ಠೀವಿ’, ‘ಗತ್ತು’ಗಳಲ್ಲಿ ಮೆಚ್ಚುಗೆ ಬೆರೆತಿದೆ. ‘ಡಂಭ’ ಒಳ್ಳೆಯ ಪದ, ಅದರಲ್ಲೂ ಭಕ್ತಿಯ ತೋರಿಕೆಗೆ. ಆ ಉಪವಾಸದ ಸನ್ಯಾಸಿಗೆ ಹೇಳಿಮಾಡಿಸಿದ್ದು. ‘ಆತ್ಮರತಿ’ಯನ್ನು ವಿಮರ್ಶಕರು ‘ನಾರ್ಸಿಸಿಸಂ’ ಎಂಬ ಮನೋವೈಜ್ಞಾನಿಕ ಪದಕ್ಕೆ ಬಳಸಿ ರೂಢಿ ಮಾಡಿದ್ದಾರೆ, ಕಥೆಯೊಳಗೆ ತರಬೇಡಿ. ಪದವೇ ಬೇಡ, ಮಾತಿನ ಓಟ ಬೇಕು ಎನ್ನುವ ಕಡೆ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಇದ್ದೇ ಇದೆ, ಆದರೆ ಇಂಗ್ಲಿಷ್ ಪಾತ್ರದ ಬಾಯಲ್ಲಿ ಜುಟ್ಟೂ ಮಲ್ಲಿಗೆಯೂ ವಿಚಿತ್ರವಾಗಿ ಕಾಣುತ್ತವೆ. ನಿರೂಪಕನ ಮಾತಿನಲ್ಲೂ ಒಮ್ಮೆ ಯೋಚಿಸಿಯೇ ಬಳಸಿ.

ಈಗ ಮಗಳ ಪ್ರಶ್ನೆ. ಬ್ಯಾಗಿಗೆ, ಮೇಜಿಗೆ ಈ ಹೆಸರು ಬರಲು ನಡುವೆ ಒಂದು ಸಂತೆ ಇದೆ. 1678ರಲ್ಲಿ ಜಾನ್ ಬನ್ಯನ್ ಬರೆದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಯಾತ್ರಿಕರು ವ್ಯಾನಿಟಿ ಎಂಬ ಊರನ್ನು ಹಾದುಹೋಗಬೇಕು. ಅಲ್ಲಿ ಸೈತಾನನ ಕಡೆಯವರು ವರ್ಷಪೂರ್ತಿ ನಡೆಸುವ ಸಂತೆಯಲ್ಲಿ ಮನೆ, ಜಮೀನು, ಬಿರುದು, ರಾಜ್ಯ, ಭೋಗ ಎಲ್ಲವೂ ಮಾರಾಟಕ್ಕಿವೆ. ಕೊಳ್ಳದ ಯಾತ್ರಿಕರಲ್ಲಿ ಒಬ್ಬನನ್ನು ಸುಡುತ್ತಾರೆ. 19ನೇ ಶತಮಾನದಲ್ಲಿ ಮಿಷನರಿಗಳು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದದ್ದು ಇದನ್ನೇ. ಬನ್ಯನ್‌ಗೆ ಅದು ಘೋರ ಸಂತೆ. 1847–48ರಲ್ಲಿ ಥ್ಯಾಕರೆ ತನ್ನ ಕಾದಂಬರಿಗೆ ‘ವ್ಯಾನಿಟಿ ಫೇರ್’ ಎಂದು ಹೆಸರಿಡುವ ಹೊತ್ತಿಗೆ ಅದು ಲಂಡನ್ನಿನ ಸಮಾಜದ ವಿಡಂಬನೆ. ಮುಂದೆ ಫ್ಯಾಷನ್ ಮತ್ತು ಸಮಾಜದ ಪತ್ರಿಕೆಗಳು ಹೆಮ್ಮೆಯಿಂದಲೇ ಆ ಹೆಸರನ್ನು ಮುಖಪುಟದಲ್ಲಿ ಹಾಕಿಕೊಂಡವು. ಪದದ ವಿಷ ಇಳಿದದ್ದು ಹೀಗೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಪೌಡರ್, ಲಿಪ್‌ಸ್ಟಿಕ್, ಪುಟ್ಟ ಕನ್ನಡಿ ಇಡುವ ಡಬ್ಬಿ ‘ವ್ಯಾನಿಟಿ ಕೇಸ್’ ಆಯಿತು, ಚೀಲ ‘ವ್ಯಾನಿಟಿ ಬ್ಯಾಗ್’ ಆಯಿತು, ಕನ್ನಡಿ ಮೇಜು ‘ವ್ಯಾನಿಟಿ ಟೇಬಲ್’ ಆಗಿ ಅಮೆರಿಕದಲ್ಲಿ ಬರೀ ‘ವ್ಯಾನಿಟಿ’ಯಾಯಿತು. ಮಗಳಿಗೆ ಇಷ್ಟು ಹೇಳಿ: ಹೆಸರಿಟ್ಟಾಗ ಅದರಲ್ಲಿ ಸಣ್ಣದೊಂದು ಕೀಟಲೆ ಇತ್ತು, ಈಗ ಇಲ್ಲ. ಹೆಂಗಸರ ಅಲಂಕಾರಕ್ಕೆ ಮಾತ್ರ ಆ ಕೀಟಲೆ ಅಂಟಿದ್ದು, ಗಂಡಸರ ಶೇವಿಂಗ್ ಕಿಟ್ಟಿಗೆ ಅಂಟದೆ ಹೋದದ್ದು ಯಾಕೆ ಎಂದು ಅವಳು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ಭಾರತದಲ್ಲಿ ಆ ಚೀಲದ ಅರ್ಥ ಹಿಗ್ಗಿತು. ನಮ್ಮಲ್ಲಿ ವ್ಯಾನಿಟಿ ಬ್ಯಾಗ್ ಎಂದರೆ ಟಿಫಿನ್ ಡಬ್ಬಿ, ಬಸ್ ಪಾಸು, ಕೊಡೆ ಎಲ್ಲ ಹಿಡಿಯುವ ಹೆಗಲ ಚೀಲ. ಲಂಡನ್ನಿನಲ್ಲಿ ಅದನ್ನು ಹ್ಯಾಂಡ್‌ಬ್ಯಾಗ್ ಎನ್ನಬೇಕು, ಅಮೆರಿಕದಲ್ಲಿ ಪರ್ಸ್. ನಮ್ಮ ಪರ್ಸು ಮಾತ್ರ ದುಡ್ಡಿನದ್ದು. ಆದ್ದರಿಂದ ಅಮೆರಿಕನ್ ಕಥೆಯಲ್ಲಿ ಹೆಂಗಸು ‘ಪರ್ಸಿನಿಂದ ಪಿಸ್ತೂಲು ತೆಗೆದಳು’ ಎಂದಿದ್ದರೆ ಕನ್ನಡದಲ್ಲಿ ‘ವ್ಯಾನಿಟಿ ಬ್ಯಾಗಿನಿಂದ’ ಎಂದೇ ಬರೆಯಬೇಕು, ಇಲ್ಲವಾದರೆ ಪಿಸ್ತೂಲು ಹಿಡಿಸುವುದಿಲ್ಲ.

ನಿಮ್ಮ ನಾಯಕಿ ‘ವ್ಯಾನಿಟಿಯ ಮುಂದೆ ಕೂತು’ ತಲೆ ಬಾಚುತ್ತಾಳೆ. ‘ಕೂತು’ ಎಂಬುದೇ ಸುಳಿವು. ಅಮೆರಿಕದ ಮನೆಗಳಲ್ಲಿ ಬಚ್ಚಲ ಬೇಸಿನ್, ಅದರ ಕೆಳಗಿನ ಕಪಾಟು, ಮೇಲಿನ ಹಾಸು ಸೇರಿದ ಕಟ್ಟನ್ನೂ ವ್ಯಾನಿಟಿ ಎನ್ನುತ್ತಾರೆ. ನಮ್ಮ ಸ್ಯಾನಿಟರಿ ಅಂಗಡಿಗಳಲ್ಲೂ ‘ವ್ಯಾನಿಟಿ ಯೂನಿಟ್’ ಎಂದು ಕೇಳಿದರೆ ತೋರಿಸುವುದು ಅದನ್ನೇ. ಅದರ ಮುಂದೆ ನಿಲ್ಲುತ್ತಾರೆ. ಹತ್ತಿರದಲ್ಲಿ ನಲ್ಲಿ, ಹಲ್ಲುಜ್ಜುವ ಬ್ರಷ್, ಟವೆಲ್ ಬಂದರೆ ಬೇಸಿನ್. ಸ್ಟೂಲು, ಡ್ರಾಯರ್, ಸೆಂಟಿನ ಸೀಸೆ ಬಂದರೆ ಡ್ರೆಸ್ಸಿಂಗ್ ಟೇಬಲ್. ನಿಮ್ಮದು ಡ್ರೆಸ್ಸಿಂಗ್ ಟೇಬಲ್. ಹಳ್ಳಿಯ ಅಥವಾ ಹಳೆಯ ಕಾಲದ ಕಥೆಯಾದರೆ ‘ಕನ್ನಡಿ ಮೇಜು’ ಚೆನ್ನ. ಒಂದು ಎಚ್ಚರ: ಲೇಖಕರು ಬೇಕೆಂದೇ ಎರಡರ್ಥ ಇಟ್ಟಿದ್ದರೆ, ಅಂದರೆ ಅದೇ ಪುಟದಲ್ಲಿ ಅವಳ ರೂಪದ ಜಂಬದ ಮಾತೂ ಇದ್ದರೆ, ಆ ಶ್ಲೇಷೆ ಕನ್ನಡದಲ್ಲಿ ಒಂದೇ ಪದದಲ್ಲಿ ದಕ್ಕುವುದಿಲ್ಲ. ‘ಕನ್ನಡಿಯ ಮುಂದಿಂದ ಏಳಲು ಅವಳಿಗೆ ಮನಸ್ಸೇ ಬರಲಿಲ್ಲ’ ಎಂಬಂಥ ವಾಕ್ಯದಿಂದ ನಷ್ಟ ತುಂಬಿಕೊಳ್ಳಿ. ಅಡಿಟಿಪ್ಪಣಿ ಬೇಡ.

ವ್ಯಾನಿಟಿ ಪ್ರೆಸ್ ಎಂದರೆ ಬರೆದವರಿಂದಲೇ ಹಣ ಪಡೆದು, ಬಂದ ಹಸ್ತಪ್ರತಿಯನ್ನು ಆಯ್ಕೆಯಿಲ್ಲದೆ ಅಚ್ಚು ಹಾಕುವ ಸಂಸ್ಥೆ. ಅದರ ಲಾಭ ಬರುವುದು ಲೇಖಕರ ಜೇಬಿನಿಂದ, ಓದುಗರಿಂದಲ್ಲ. ಹಾಗಾಗಿ ಮಾರಾಟದ ಗೋಜಿಗೆ ಹೋಗುವ ಅಗತ್ಯ ಅದಕ್ಕಿಲ್ಲ. ಇದನ್ನು ‘ಸ್ವಯಂ ಪ್ರಕಾಶನ’ ಎಂದು ಅನುವಾದಿಸಿದರೆ ಅನ್ಯಾಯವಾಗುತ್ತದೆ. ಕನ್ನಡದಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದು ಎಂದೂ ಕೀಳಾಗಿರಲಿಲ್ಲ. ಕಾದಂಬರಿ ಪಿತಾಮಹ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅದು ಓದುಗರನ್ನು ಹುಡುಕಿಕೊಂಡು ಹೋಗುವ ಕೆಲಸ, ವ್ಯಾನಿಟಿ ಪ್ರೆಸ್ ಓದುಗರ ಗೊಡವೆಯಿಲ್ಲದ ವ್ಯವಹಾರ. ‘ದುಡ್ಡು ಕೊಟ್ಟರೆ ಯಾರ ಪುಸ್ತಕವನ್ನಾದರೂ ಅಚ್ಚು ಹಾಕುವ ಪ್ರಕಾಶನ’ ಎಂದು ಬಿಡಿಸಿ ಬರೆಯಿರಿ. ಉದ್ದವಾಯಿತು ಅನ್ನಿಸಿದರೆ ‘ದುಡ್ಡು ಕೊಟ್ಟು ಅಚ್ಚು ಹಾಕಿಸಿದ ಕವನಗಳು’. ವ್ಯಂಗ್ಯವೂ ಉಳಿಯುತ್ತದೆ.

ಕಾರಿನ ಪ್ಲೇಟಿನದು ಸಣ್ಣ ವಿಷಯ, ಆದರೆ ಎಡವಟ್ಟಾಗುವ ಸಾಧ್ಯತೆ ದೊಡ್ಡದು. ಅಮೆರಿಕದಲ್ಲಿ ಹೆಚ್ಚುವರಿ ಶುಲ್ಕ ಕಟ್ಟಿ ನೋಂದಣಿ ಫಲಕದ ಮೇಲೆ ತಮ್ಮ ಹೆಸರನ್ನೋ ಇಷ್ಟದ ಅಕ್ಷರಗಳನ್ನೋ ಪಡೆಯಬಹುದು. ಪೆನ್ಸಿಲ್ವೇನಿಯಾದಲ್ಲಿ 1931ರಲ್ಲೇ ತಮ್ಮ ಇನಿಷಿಯಲ್ ಹಾಕಿಸಿಕೊಳ್ಳಲು ಅವಕಾಶವಿತ್ತು. ನಮ್ಮ ಆರ್‌ಟಿಒ ಹರಾಜಿನಲ್ಲಿ ಸಿಗುವ ‘ಫ್ಯಾನ್ಸಿ ನಂಬರ್’ ಬೇರೆ. ಅಲ್ಲಿ ಸಿಗುವುದು ಅಂಕಿ ಮಾತ್ರ, ಅಕ್ಷರಗಳನ್ನು ನಾವು ಕಟ್ಟಿಕೊಳ್ಳುವಂತಿಲ್ಲ. ನಿಮ್ಮ ಕಥೆಯ ಪ್ಲೇಟಿನ ಮೇಲೆ ಅಂಕಿ ಇದ್ದರೆ ‘ಫ್ಯಾನ್ಸಿ ನಂಬರ್’ ಧಾರಾಳವಾಗಿ ಬಳಸಿ. ಹೆಸರಿದ್ದರೆ, ‘ನಂಬರ್ ಪ್ಲೇಟಿನ ಮೇಲೆ ಹೆಸರು ಬರೆಸಿಕೊಂಡಿದ್ದ’ ಎಂದಷ್ಟೇ ಬರೆದುಬಿಟ್ಟರೆ ನಮ್ಮ ಓದುಗರಿಗೆ ಅವನು ಕಾನೂನು ಮುರಿದವನಂತೆ, ಟ್ರಾಫಿಕ್ ಪೊಲೀಸರು ಇನ್ನೇನು ದಂಡ ಹಾಕುತ್ತಾರೆ ಎಂಬಂತೆ ಕಾಣುತ್ತದೆ. ‘ಸರ್ಕಾರಕ್ಕೆ ಹೆಚ್ಚು ಹಣ ಕಟ್ಟಿ ಕಾರಿನ ನಂಬರಿನ ಜಾಗದಲ್ಲಿ ತನ್ನ ಹೆಸರನ್ನೇ ಹಾಕಿಸಿಕೊಂಡಿದ್ದ’ ಎನ್ನಿ.

ಸಂಪಾದಕರು ಇನ್ನೂ ಹಟ ಹಿಡಿದರೆ ಐದೂ ವಾಕ್ಯಗಳನ್ನು ‘ದುರಭಿಮಾನ’ ಹಾಕಿಯೇ ಒಂದು ಹಾಳೆಯಲ್ಲಿ ಬರೆದು ಗಟ್ಟಿಯಾಗಿ ಓದಲು ಹೇಳಿ. ‘ಅವಳು ತನ್ನ ದುರಭಿಮಾನದ ಮುಂದೆ ಕೂತು ತಲೆ ಬಾಚಿಕೊಂಡಳು’ ಎಂಬಲ್ಲಿಗೆ ಬರುವಾಗ ಅವರೇ ಪೆನ್ನು ಕೇಳುತ್ತಾರೆ.